ಕೊಟ್ಟ ಮನೆಯ ಹೆಣ್ಣುಮಕ್ಕಳು

ನಮ್ಮ ಬಿಲ್ಡಿಂಗಿನ ಶಿವಪುತ್ರಪ್ಪ ಸುಳ್ಳು ಹೇಳುವ ಆಸಾಮಿಯಲ್ಲ. ಅಥಣಿ ಕಡೆಯಿಂದ ಆಂಟಾಪ್ ಹಿಲ್‌ಗೆ ಬಂದು, ವಡಾಲದ ಗೋದಾಮಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಸಾಹೇಬರಿಂದ ಬೈಸಿಕೊಂಡದ್ದೇ ಹೆಚ್ಚು. ಅಂಥವನು ಒಂದು ಪ್ರಶ್ನೆಗೆ ಮಾತ್ರ ತಪ್ಪು ಉತ್ತರ ಕೊಟ್ಟ.

ಎರಡು ವರ್ಷದ ಹಿಂದೆ ಹಿರಿಮಗಳು ರಾಧಿಕಾಳ ಎದೆಯಲ್ಲಿ ಗಂಟು ಕಾಣಿಸಿತು. ಇನ್ನೂ ಇಪ್ಪತ್ತೊಂಬತ್ತರ ಹುಡುಗಿ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ ಎಂದು ಡಾಕ್ಟರು ಕೇಳಿದರು. ಯಾರಿಗೂ ಇಲ್ಲ ಎಂದ ಶಿವಪುತ್ರಪ್ಪ. ಹಾರ್ಮೋನಿನ ಏರುಪೇರಿರಬಹುದು, ಎರಡು ತಿಂಗಳಲ್ಲಿ ಕರಗದಿದ್ದರೆ ಬನ್ನಿ ಎಂದರು. ರಾಧಿಕಾ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಓಡುವ ಗಡಿಬಿಡಿಯಲ್ಲಿ ಎರಡು ತಿಂಗಳು ಹೋಗಿ ವರ್ಷವಾಯಿತು.

ಕ್ಯಾನ್ಸರ್ ಎಂದು ಖಾತ್ರಿಯಾದ ಮೇಲೆ, ದೊಡ್ಡಾಸ್ಪತ್ರೆಯಲ್ಲಿ ವಂಶದ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಧಾರವಾಡದ ಹುಡುಗಿಯೊಬ್ಬಳು ಕಾಗದದ ಮೇಲೆ ವಂಶದ ಗೆರೆ ಎಳೆಯುತ್ತ ಕೂತಳು.

“ಕಾಕಾ, ನಿಮಗ ಅಕ್ಕ-ತಂಗ್ಯಾರು ಎಷ್ಟ ಮಂದಿ?”

“ಇಬ್ಬರಿದ್ರವ್ವಾ. ರುದ್ರವ್ವ ಅಂಡಾಶಯದ ಗಡ್ಡಿಯಿಂದ ಹೋದ್ಲು. ನೀಲವ್ವ ಎದಿ ಕ್ಯಾನ್ಸರದಿಂದ.”

ಹುಡುಗಿಯ ಪೆನ್ನು ನಿಂತಿತು. “ಮತ್ತ ಮೊದಲ ಯಾಕ ಹೇಳಲಿಲ್ರಿ?”

“ಅವರನ್ನ ಕೊಟ್ಟಬಿಟ್ಟಿದ್ವಿ. ಬ್ಯಾರೆ ಮನಿಯವರಾದ್ರಲ್ಲ.”

ಜೊತೆಗೆ ಹೋಗಿದ್ದ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಮದುವೆಯ ಅಕ್ಕಿಕಾಳು ಬಿದ್ದ ಮೇಲೆ ಹೆಣ್ಣು ಗಂಡನ ಮನೆಯವಳು ಎಂದು ನಾನೂ ನಂಬಿದವನೇ.

ಅಪ್ಪ-ಮಗಳಿಬ್ಬರ ರಕ್ತ ಪರೀಕ್ಷೆಯಾಯಿತು. ರಾಧಿಕಾಳಿಗೆ ದಾಟಿದ ಕೆಟ್ಟ ಜೀನು ಶಿವಪುತ್ರಪ್ಪನಲ್ಲೇ ಇತ್ತು. ಅವನಿಗೆ ಏನೂ ಆಗಿಲ್ಲ, ಗುಂಡುಕಲ್ಲಿನಂತಿದ್ದಾನೆ. ಅಪ್ಪನಿಂದಲೂ ಅದು ದಾಟುತ್ತದೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಮೈಯೊಳಗಿನ ಹಾರ್ಮೋನುಗಳೂ ಒಮ್ಮೊಮ್ಮೆ ಅಂಥ ಗಡ್ಡೆಗೆ ನೀರೆರೆಯುತ್ತವೆ ಎಂದು ಹುಡುಗಿ ಬಿಡಿಸಿ ಹೇಳಿದಳು. ಕಿರಿಮಗಳು ಶೀತಲಳ ಪರೀಕ್ಷೆಗೆ ತಡ ಮಾಡಬೇಡಿ, ಮೊದಲೇ ಗೊತ್ತಾದರೆ ಉಳಿಸಿಕೊಳ್ಳಬಹುದು ಎಂದಳು.

ಮರುದಿನವೇ ಶಿವಪುತ್ರಪ್ಪ ನನ್ನನ್ನು ಕರೆದುಕೊಂಡು ಘಾಟ್ಕೋಪರ್‌ಗೆ, ಶೀತಲಳ ಗಂಡನ ಮನೆಗೆ ಹೋದ. ಬೀಗಿತ್ತಿ ಶೀಲಾವತಿ ಒಳ್ಳೆಯ ಹೆಂಗಸು. ಚಹಾ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು, ರಾಧಿಕಾಳಿಗಾಗಿ ಕಣ್ಣೊರೆಸಿಕೊಂಡರು. ಶೀತಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

“ಶೀತಲಗ ಪರೀಕ್ಷಾ ಬ್ಯಾಡ ಬೀಗರ. ನಮ್ಮ ಮನ್ಯಾಗ ಯಾರಿಗೂ ಆ ಬ್ಯಾನಿ ಇಲ್ಲ,” ಎಂದರು ಶೀಲಾವತಿ.

ಶೀತಲ ನಿಟ್ಟುಸಿರು ಬಿಟ್ಟಳು. ಪರೀಕ್ಷೆಗೆ ಹೆದರಿದ್ದ ಅವಳಿಗೆ ಬೇಕಾದದ್ದೂ ಆ ಮಾತೇ.

“ಆಕಿ ನನ್ನ ಮಗಳರಿ,” ಎಂದ ಶಿವಪುತ್ರಪ್ಪ.

“ಕೊಟ್ಟಬಿಟ್ಟೀರಲ್ರಿ,” ಎಂದು ಪ್ರೀತಿಯಿಂದಲೇ ನಕ್ಕ ಶೀಲಾವತಿ, ಅವನ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದರು.