ಚೀಲದಲ್ಲಿದ್ದ ಹಾರ

ನಾನು ಬಾಯಿ ತೆರೆದಾಗಲೆಲ್ಲ ಎಮ್ಮೆಲ್ಲೆಯವರ ಸೆಲ್ಲು ಬಡಕೊಳ್ಳುತ್ತಿತ್ತು. ಒಂದು ಮಾತು ಪೂರ್ತಿ ಹೇಳಲು ಬಿಟ್ಟಿದ್ದರೆ ಅಷ್ಟು ಹೊತ್ತಿಗೆ ನಾನು ಹಿಂದೂಪುರದ ಬಸ್ಸು ಹತ್ತಿರುತ್ತಿದ್ದೆ.

ಅಲ್ಲಿ ನನಗೆ ಹುಣಸೆಹಣ್ಣು ಬಿಡಿಸುವ ಕೂಲಿ. ಮಂಡಿಯ ಧೂಳಿಗೆ ಮಗಳ ಕೆಮ್ಮು ನಿಲ್ಲುತ್ತಿರಲಿಲ್ಲ. ಕಂಬದೂರಿನ ಹತ್ತಿರ ನಮ್ಮೂರ ಅಂಗನವಾಡಿಯಲ್ಲಿ ಆಯಾ ಕೆಲಸ ಖಾಲಿಯಿತ್ತು. ಎಮ್ಮೆಲ್ಲೆಯವರೊಂದು ಮಾತು ಹೇಳಿದರೆ ಸಾಕು ಅಂತ ಮಗಳನ್ನು ಎತ್ತಿಕೊಂಡು ಕಲ್ಯಾಣದುರ್ಗದ ಅವರ ಮನೆಗೆ ಹೋಗಿದ್ದೆ. ಬರಿಗೈಲಿ ಹೋಗಬಾರದೆಂದು ಚೆಂಡುಹೂವಿನ ಹಾರ ಕೊಂಡಿದ್ದೆ.

ಗೇಟಿನಲ್ಲಿದ್ದ ಮುದುಕ ಹಾರ ನೋಡಿ ತಡೆದ. “ಈ ಸಲ ಇವ್ರಿಗೆ ಟಿಕೆಟ್ ಡೌಟು ಕಣಮ್ಮ. ಟಿಕೆಟ್ ಕೇಳ್ತಿರೋ ಇನ್ನೊಬ್ಬರು ಹಿಂದಿನ ಬೀದೀಲವ್ರೆ. ಹಾರ ವೇಸ್ಟ್ ಮಾಡ್ಕೋಬ್ಯಾಡ.”

“ನೀನು ಯಾರ ಕಡೆಯೋನು ತಾತಾ?”

“ಸದ್ಯಕ್ಕೆ ಇವರ ಕಡೇನೇ.”

ಹಾರವನ್ನು ಚೀಲಕ್ಕೆ ತುರುಕಿ ಒಳಗೆ ಹೋದೆ.

“ಅನ್ನಾ, ನಾ ಪೇರು ಉಂದಾ, ಲೇದಾ?” ಎಮ್ಮೆಲ್ಲೆಯವರು ಟಿಕೆಟ್ ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೋ ಇಲ್ಲವೋ ಎಂದು ಬಂದ ಫೋನಿಗೆಲ್ಲ ಕೇಳುತ್ತಿದ್ದರು. ಅವರ ಹೆಸರಿಲ್ಲದಿದ್ದರೆ ನನ್ನ ಕೆಲಸವೂ ಇಲ್ಲ.

ಕೊನೆಗೆ ಸೆಲ್ಲು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಮಗಳು ಚೀಲದಿಂದ ಹಾರದ ತುದಿ ಎಳೆದು ಹೂ ಕೀಳುತ್ತಿದ್ದಳು. ಎರಡು ಸಲ ಗೆದ್ದ ಮನುಷ್ಯನಿಗೆ, ಹಾರ ಕೊರಳಿಗೆ ಬೀಳದೆ ಚೀಲದಲ್ಲಿ ಯಾಕಿರುತ್ತದೆ ಅಂತ ಗೊತ್ತಾಗದೇ ಇರುತ್ತದೆಯೇ?

ಬಹಳ ಮೆತ್ತಗೆ ಕೇಳಿದರು: “ಆ ಹಾರ ಯಾರಿಗಮ್ಮ ತಂದಿದ್ದು?”

ಬಾಯಿ ತೆರೆದೆ. ಆಗ ಮಾತ್ರ ಆ ಹಾಳು ಸೆಲ್ಲು ಬಡಕೊಳ್ಳಲಿಲ್ಲ.