ಯಂತ್ರದ ಮೇಲಿನ ಕುಂಕುಮ

ಆವತ್ತು ದವಾಖಾನೆಯಲ್ಲಿ ಅವ್ವ "ಒರಸು" ಅಂದಳೋ ಇಲ್ಲವೋ. ಅಂದದ್ದು ನನಗೆ ನೆನಪಿದೆ. ಆದರೆ ಆ ನೆನಪು ನನಗೆ ತೀರಾ ಅನುಕೂಲವಾಗಿದೆ. ಅದಕ್ಕೇ ನಂಬಿಕೆ ಬರುತ್ತಿಲ್ಲ.

ಬಚ್ಚಲಲ್ಲಿ ಜಾರಿ ಅವಳು ಮುಂಗೈ ಮುರಿದುಕೊಂಡಿದ್ದಳು. ಇನ್ನೊಮ್ಮೆ ಬಿದ್ದರೆ ಸೊಂಟವೇ ಹೋದೀತು, ಎಲುಬು ಎಷ್ಟು ಗಟ್ಟಿ ಇವೆ ನೋಡಿಸೋಣ ಎಂದು ನಾನೂ ತಂಗಿಯೂ ರಾಮದುರ್ಗಕ್ಕೆ ಕರೆದೊಯ್ದೆವು. ಅವ್ವನಿಗೆ ಎಕ್ಸ್‌ರೇ ಎಂದರೆ ಹೆದರಿಕೆ. ಇದು ಅದಲ್ಲ, ಕಿವಿಗೆ ಕೇಳದ ಸದ್ದನ್ನು ಹಿಮ್ಮಡಿಯೊಳಗೆ ಹಾಯಿಸುತ್ತಾರೆ, ಅದು ದಾಟುವ ವೇಗದಿಂದ ಎಲುಬಿನ ಅಂದಾಜು ಸಿಗುತ್ತದೆ ಎಂದು ದಾರಿಯುದ್ದಕ್ಕೂ ವಿವರಿಸಿ ಒಪ್ಪಿಸಿದ್ದೆ.

ದಸರೆಯ ಖಂಡೇಪೂಜೆ ಆಗಷ್ಟೇ ಮುಗಿದಿತ್ತು. ಯಂತ್ರದಲ್ಲಿ ಪಾದ ಇಡುವ ಪೆಟ್ಟಿಗೆಗೆ ಯಾರೋ ಕುಂಕುಮ ಹಚ್ಚಿದ್ದರು.

"ಪೂಜಿ ಮಾಡಿದ್ದರ ಮ್ಯಾಲೆ ಕಾಲ ಇಡಂತೀಯೇನವಾ?" ಎಂದಳು ಅವ್ವ.

"ಇಡ್ರಿ ಅಜ್ಜಿ, ಮುಂಜಾನಿಂದ ಎಲ್ಲಾರೂ ಇಟ್ಟಾರ," ಎಂದಳು ಯಂತ್ರ ನಡೆಸುವ ಹುಡುಗಿ.

"ಅವರ ಕಾಲ ಅವರವು. ಇದು ನಂದು."

ತಂಗಿ ನಕ್ಕಳು. ನನಗೆ ಸಿಟ್ಟು. ಕರವಸ್ತ್ರ ತೆಗೆದು ಕುಂಕುಮ ಒರೆಸಿಬಿಟ್ಟೆ. ಅವ್ವ ಕಾಲಿಟ್ಟಳು. ಹಿಮ್ಮಡಿಗೆ ಜೆಲ್ ಸವರಿದರು, ಬೇಗ ಮುಗಿಯಿತು. ಎಲುಬು ಸವೆದ ಹಾಗಿದೆ, ಆದರೆ ಈ ಯಂತ್ರ ಸುಳಿವು ಮಾತ್ರ ಕೊಡುತ್ತದೆ, ಖಾತ್ರಿಗೆ ಧಾರವಾಡದಲ್ಲಿ ದೊಡ್ಡ ಪರೀಕ್ಷೆ ಮಾಡಿಸಿರಿ ಎಂದರು ಡಾಕ್ಟರು. ಅದು ಎಕ್ಸ್‌ರೇಯೇ, ಪ್ರಮಾಣ ಮಾತ್ರ ತೀರಾ ಕಡಿಮೆ ಎಂದೂ ಹೇಳಿದರು.

"ಒಲ್ಲೆ," ಎಂದಳು ಅವ್ವ.

ಬಸ್ಸಿಳಿದು ನಡೆಯುವಾಗ ತಂಗಿ ನನ್ನನ್ನು ಹಿಂದೆ ತಡೆದಳು. "ಯಾಕ ಒರಸಿದಿ ಅಣ್ಣಾ?"

"ಒರಸು ಅಂತ ಅವ್ವನ ಅಂದ್ಲಲ್ಲ."

"ಎಲ್ಲಿ ಅಂದ್ಲು? ಆಕಿ ಒಂದ ಕೈಲೆ ನಮಸ್ಕಾರ ಮಾಡಿ ಕಾಲ ಇಡಾಕ ಹೊಂಟಿದ್ಲು. ಅಷ್ಟರಾಗ ನೀ ಅಳಿಸಿದಿ. ಅದೂ ಆಕಿ ಮುಂದ."

ಅಪ್ಪ ತೀರಿದಾಗ ಅವ್ವನ ಹಣೆ ಯಾರೂ ಮುಟ್ಟಬಾರದೆಂದು ಬಾಗಿಲಿಗೆ ಅಡ್ಡ ನಿಂತವನು ನಾನು. ವಿಶ್ವವಿದ್ಯಾಲಯದಲ್ಲಿ ಓದಿದ್ದನ್ನೆಲ್ಲ ನೆಂಟರ ಮೇಲೆ ಎಸೆದಿದ್ದೆ. ಆಮೇಲೆ ಅವಳೇ ಒಳಗೆ ಹೋಗಿ ಹಣೆ ತೊಳೆದುಕೊಂಡು ಬಂದಳು.

ಸಂಜೆ ಅವ್ವ ಒಂದೇ ಕೈಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಎದುರು ಕೂತೆ.

"ಒರಸು ಅಂತ ನೀನ ಅಂದಿಯಲ್ಲವಾ?"

ನನ್ನ ಮುಖವನ್ನೇ ನೋಡಿದಳು. "ಅಂದಿರಬೇಕು ಬಿಡಪಾ. ವಯಸ್ಸಾತು, ನೆನಪಿರಂಗಿಲ್ಲ."

ಯಾರ ಮದುವೆಯಲ್ಲಿ ಯಾವ ಸಾರಿಗೆ ಉಪ್ಪು ಕಡಿಮೆಯಾಗಿತ್ತು ಎಂಬುದನ್ನೂ ಮರೆಯದವಳು. ನಾನು ಮಾತು ಬದಲಿಸಿ ಧಾರವಾಡದ ಪರೀಕ್ಷೆಯ ವಿಷಯ ತೆಗೆದೆ.

"ಹೋಗತೇನಿ," ಎಂದಳು. "ನಿನ್ನ ತಂಗಿ ಕರಕೊಂಡು ಹೋಗಲಿ. ನೀ ಮನ್ಯಾಗ ಇರು."