ಹರಕೆಯ ಹುಲಿಗೆ ಒಂದೇ ಕೈ

1995ರ ಜೂನ್ 7ರ ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಶೌಕತ ಅಲಿ ಶಹಾಬಾದ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು, ವಾಡಿಯ ಟಿಕೆಟನ್ನು ಬೆರಳಿನಿಂದ ಮತ್ತೆ ಮತ್ತೆ ಸವರುತ್ತಿದ್ದ. ಮೊಹರಮ್ಮಿಗೆ ಮೂರು ದಿನ ಉಳಿದಿತ್ತು. ಅದು ಮುಗಿಯುವ ತನಕ ವಾಡಿಯಲ್ಲಿ ಅಕ್ಕನ ಮನೆಯಲ್ಲಿ ಇದ್ದುಬಿಡಬೇಕೆಂದು ಹೊರಟಿದ್ದ. ಊರಿನಲ್ಲಿದ್ದರೆ ಅಂಬರಾಯ ಬರುತ್ತಾನೆ. ಬಂದರೆ ಅವನ ಬೆನ್ನಿಗೆ ಮತ್ತೆ ಬಣ್ಣ ಹಚ್ಚಬೇಕಾಗುತ್ತದೆ.

ವರ್ಷದ ಉಳಿದ ದಿನಗಳಲ್ಲಿ ಶೌಕತ ಲಾರಿಗಳ ಮೇಲೆ ಹೂವು, ನವಿಲು, ನಂಬರು ಬರೆಯುತ್ತಿದ್ದ. ಮೊಹರಮ್ಮಿನಲ್ಲಿ ಕುಣಿಯುವವರ ಮೈಗೆ ಬಣ್ಣ ಬರೆದು ಮನುಷ್ಯರನ್ನು ಹುಲಿ ಮಾಡುತ್ತಿದ್ದ. ಯಾರೂ ಕಲಿಸಿದ್ದಲ್ಲ. ನಿಜವಾದ ಹುಲಿಯನ್ನು ಅವನು ನೋಡಿಯೇ ಇರಲಿಲ್ಲ. ಮುಖ ಬೆಂಕಿಪೊಟ್ಟಣದ ಚಿತ್ರದ್ದು, ಮೈಯ ಬಾಗು ಮನೆಯ ಬೆಕ್ಕಿನದು. ಬರೆಯುವ ಮೊದಲು ಹುಲಿಯಾಗುವವನ ಕೈ ಎತ್ತಿಸಿ, ಸೊಂಟ ಬಗ್ಗಿಸಿ, ಹೆಗಲು ತಿರುಗಿಸಿ ನೋಡುತ್ತಿದ್ದ. ಮೈ ಎಲ್ಲಿ ಮಡಿಚುತ್ತದೋ ಅಲ್ಲಿಗೆ ಪಟ್ಟಿ ಎಳೆಯುತ್ತಿದ್ದ. ಹಾಗಾಗಿ ಅವನ ಹುಲಿ ಕುಣಿಯುವಾಗ ಪಟ್ಟಿಗಳೂ ಹಿಗ್ಗಿ ಕುಗ್ಗುತ್ತಿದ್ದವು.

ಹಳದಿ ಪುಡಿ, ದೀಪದ ಕಾಡಿಗೆ, ಶೇಂಗಾ ಎಣ್ಣೆ, ಇಷ್ಟೇ ಅವನ ಬಣ್ಣ. ಅದು ಬೆವರಿಗೆ ನಿಲ್ಲುತ್ತಿರಲಿಲ್ಲ. “ಶೌಕತನ ಹುಲಿ ಮಧ್ಯಾಹ್ನಕ್ಕ ಬೆಕ್ಕಾಗ್ತದ” ಎಂದು ಚಹಾದಂಗಡಿಯಲ್ಲಿ ನಗುತ್ತಿದ್ದರು. 1994ರ ಹೊತ್ತಿಗೆ ಅವನಿಗೆ ಆ ನಗು ಸಾಕಾಗಿತ್ತು.

ಆ ವರ್ಷವೇ ಅಂಬರಾಯ ಮೊದಲ ಸಲ ಬಂದದ್ದು. ನೆಲಕ್ಕೆ ಹಾಸುವ ಫರಸಿಯ ಗಣಿಯಲ್ಲಿ ಕಲ್ಲು ಹೊರುವವನು. ಕಾಮಾಲೆಯಾದ ಮಗಳು ಉಳಿದರೆ ಮೂರು ವರ್ಷ ಮೊಹರಮ್ಮಿನ ಅಲಾಯಿ ದೇವರ ಮುಂದೆ ಹುಲಿಯಾಗಿ ಕುಣಿಯುತ್ತೇನೆಂದು ಹರಕೆ ಹೊತ್ತಿದ್ದ. ಮಗಳು ಉಳಿದಳು. ಶೌಕತ ಅವನ ಮೈಗೆ ಲಾರಿಯ ಬಣ್ಣ ಹಚ್ಚಿದ.

ಹುಲಿ ಮಿರಿಮಿರಿ ಮಿಂಚಿತು. ಯಾರೂ ನಗಲಿಲ್ಲ. ಆದರೆ ಆ ಬಣ್ಣದ ಕೆಳಗೆ ಬೆವರು ಆರುವುದಿಲ್ಲ, ಮೈಯ ಕಾವು ಹೊರಗೆ ಹೋಗುವುದಿಲ್ಲ. ಜೂನಿನ ಬಿಸಿಲಿನಲ್ಲಿ ಎರಡು ದಿನ ಕುಣಿದ ಮೇಲೆ ಅದನ್ನು ಸೀಮೆಎಣ್ಣೆಯಿಂದ ಉಜ್ಜಿ ತೆಗೆದರು. ಬೆನ್ನು, ಹೆಗಲು ಬೊಬ್ಬೆ ಎದ್ದು ಸುಲಿದವು. ಮಳೆಗಾಲ ಮುಗಿಯುವ ತನಕ ಅಂಬರಾಯನಿಗೆ ಕಲ್ಲು ಹೊರಲಾಗಲಿಲ್ಲ. ಅವನ ಬದಲು ಹೆಂಡತಿ ಗಣಿಗೆ ಹೋದಳು. ನೋಡಲು ಹೋದ ಶೌಕತನಿಗೆ ಅವನು, “ದೇವರ ಕೆಲಸ, ಸ್ವಲ್ಪ ತ್ರಾಸ ಇರ್ತದ್ರಿ” ಎಂದನೇ ಹೊರತು ಬೈಯಲಿಲ್ಲ. ಬೈದಿದ್ದರೆ ಶೌಕತ ಆಮೇಲೂ ಆ ಓಣಿಯಲ್ಲಿ ತಲೆ ಎತ್ತಿ ನಡೆಯಬಹುದಿತ್ತು. ವರ್ಷವಿಡೀ ಸುತ್ತುದಾರಿ ಹಿಡಿದ.

ಗಾಡಿ ಬರುವ ಮೊದಲೇ ಅಂಬರಾಯ ಸ್ಟೇಷನ್ನಿಗೆ ಬಂದ. ಶೌಕತನ ಹೆಂಡತಿ ತಾಜುನ್ನಿಸಾ ಹೇಳಿ ಕಳಿಸಿದ್ದಳು.

“ಎಲ್ಲಿಗಿ ಹೊಂಟೀರಿ ಮಾಮಾ?”

“ವಾಡಿಗಿ. ಅಕ್ಕಗ ಆರಾಮಿಲ್ಲ.”

“ಮಾಮಿ ಬ್ಯಾರೆ ಹೇಳಿದ್ರಲ್ಲ. ನಿಮ್ಮ ಅಕ್ಕ ಗಟ್ಟಿ ಅದಾಳ, ನಮ್ಮ ಮನಿಯವರಿಗೇ ಆರಾಮಿಲ್ಲ ಅಂದ್ರು.”

ಶೌಕತ ಹಳಿಯ ಕಡೆ ನೋಡಿದ. “ಸರ್ದಾರನ ಕಡಿಂದ ಬರಸ್ಕೋ. ಅವನೂ ಚಲೋ ಬರೀತಾನ.”

“ನಿಮಗ ಗೊತ್ತಿಲ್ಲೇನು? ಹರಕಿ ಹುಲಿ ಯಾರ ಕೈಲಿ ಶುರು ಆಗ್ತದೋ ಅವರ ಕೈಲೇ ಮುಗೀಬೇಕು. ನಡುವ ಕೈ ಬದಲಾದ್ರ ಹರಕಿ ಮುಟ್ಟಂಗಿಲ್ಲ. ಹುಡುಗಿ ಈಗಷ್ಟೇ ಸಾಲಿಗಿ ಹೋಗ್ಲಿಕತ್ತಾಳ.”

ಶೌಕತನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಟಿಕೆಟು ತೆಗೆದಿದ್ದ.

“ನಿನ್ನ ಬೆನ್ನ ನೋಡೂ ಧೈರ್ಯ ನನಗಿಲ್ಲೋ” ಎಂದ.

ಅಂಬರಾಯ ಅಲ್ಲಿಯೇ ಅಂಗಿ ಬಿಚ್ಚಿ ತಿರುಗಿ ನಿಂತ. ಹೆಗಲಿನಿಂದ ಸೊಂಟದ ತನಕ ಬಿಳಿಚಿದ ಕಲೆಗಳು. “ನೋಡ್ರಿ. ಅರ್ಧಾ ಪಟ್ಟಿ ಆಗಲೇ ಅವ. ನಿಮಗ ಕೆಲಸ ಕಮ್ಮಿ.”

ಶೌಕತ ನಗಲಿಲ್ಲ. ಪ್ಯಾಸೆಂಜರ್ ಬಂದು ನಿಂತಿತು, ಹೊರಟಿತು. ಅವನ ಚೀಲವನ್ನು ಅಂಬರಾಯ ಎತ್ತಿಕೊಂಡ.

ಮೊಹರಮ್ಮಿನ ಹಿಂದಿನ ದಿನ ಬೆಳಿಗ್ಗೆ ಶೌಕತ ಹಳದಿ ಪುಡಿಯ ಹಳೆಯ ಬಣ್ಣವನ್ನೇ ಕಲಸಿದ. ಮೊದಲು ತನ್ನ ಎಡಗೈಗೆ ಅಂಗೈಯಗಲ ಹಚ್ಚಿಕೊಂಡು ಬಿಸಿಲಿಗೆ ಕುಳಿತ. ಮರುದಿನ ಅದೇ ಹೊತ್ತಿಗೆ ಒರೆಸಿ ನೋಡಿದ. ಚರ್ಮ ಕೆಂಪಾಗಿರಲಿಲ್ಲ, ಉರಿಯೂ ಇರಲಿಲ್ಲ. ಆಮೇಲೆಯೇ ಎರಡು ತಾಸು ಕುಳಿತು ಅಂಬರಾಯನಿಗೆ ಹುಲಿ ಬರೆದ. ಕಲೆಗಳ ಮೇಲೆ ಬಣ್ಣ ಮುಟ್ಟಿಸಲಿಲ್ಲ, ಸುತ್ತಲೂ ಬರೆದ. ಮಧ್ಯಾಹ್ನ ಬಣ್ಣ ಇಳಿಯಿತು, ಚಹಾದಂಗಡಿಯವರು ನಕ್ಕರು. ಶೌಕತ ಬಟ್ಟಲು, ಕುಂಚ ಹಿಡಿದು ಮೆರವಣಿಗೆಯ ಉದ್ದಕ್ಕೂ ಹುಲಿಯ ಹಿಂದೆ ನಡೆದ. ಅಳಿಸಿದ ಪಟ್ಟಿಗಳನ್ನು ನಡೆಯುತ್ತಲೇ ತಿದ್ದಿದ. ಕಲೆಗಳು ಇಡೀ ದಿನ ಅವನ ಕಣ್ಣೆದುರಿಗೇ ಇದ್ದವು.

ಮೂರನೆಯ ವರ್ಷವೂ ಹಾಗೆಯೇ ಆಯಿತು, ಹರಕೆ ಮುಟ್ಟಿತು. ಶೌಕತನ ಪದ್ಧತಿ ಮಾತ್ರ ನಿಲ್ಲಲಿಲ್ಲ. ಯಾರದೇ ಹುಲಿಯಾಗಲಿ, ಬಣ್ಣ ಮೊದಲು ಶೌಕತನ ಎಡಗೈಯ ಮೇಲೆ ಒಂದು ಹಗಲು, ಒಂದು ರಾತ್ರಿ.

2004ರಲ್ಲಿ ಸೇಡಂನಲ್ಲಿ ಜಾನಪದ ಕಲಾವಿದರನ್ನು ಕರೆದಿದ್ದರು. ಒಂದು ಹುಲಿ ಬರೆಯಲು ಎಷ್ಟು ಹೊತ್ತು ಬೇಕೆಂದು ವೇದಿಕೆಯ ಮೇಲೆ ಕೇಳಿದರು. ಒಬ್ಬರು ಒಂದು ತಾಸು ಅಂದರು, ಇನ್ನೊಬ್ಬರು ಒಂದೂವರೆ. ಮೈಕು ಶೌಕತನ ಕಡೆ ಬಂತು. ಅವನು ಮುಂದಿನ ಸಾಲಿನಲ್ಲಿದ್ದ ಅಂಬರಾಯನನ್ನು ನೋಡಿದ. ಅಂಗಿಯ ಎಡತೋಳು ಕೆಳಗೆ ಎಳೆದುಕೊಂಡು ಹೇಳಿದ:

“ಇಪ್ಪತ್ತಾರು ತಾಸು.”